ನೋಡುತ್ತ ನಿಂತವರು

ಶಾಲೆಯ ಅಂಗಳದಲ್ಲಿ ಇಬ್ಬರು ಹುಡುಗರಿಗೆ ಜಗಳ ಹತ್ತಿದರೆ ಮೊದಲು ಆಗುವುದೇನು? ಅವರ ಸುತ್ತ ಒಂದು ಗುಂಪು ಕಟ್ಟುತ್ತದೆ. ಎಲ್ಲೆಲ್ಲಿಂದಲೋ ಓಡಿ ಬಂದ ಮಕ್ಕಳು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಕೆಲವರು ಕೂಗಿ ಹುರಿದುಂಬಿಸುತ್ತಾರೆ, ಕೆಲವರು ನಗುತ್ತಾರೆ, ಬಹುಮಂದಿ ಸುಮ್ಮನೆ ನೋಡುತ್ತಾರೆ. ಮೇಷ್ಟ್ರ ಮುಖ ಕಂಡ ಕೂಡಲೆ ಗುಂಪು ಚದರಿ, ನಡುವಿನ ಇಬ್ಬರು ಮಾತ್ರ ಸಿಕ್ಕಿಬೀಳುತ್ತಾರೆ. ವಿಚಾರಣೆ ಅವರದು, ಶಿಕ್ಷೆ ಅವರದು. ಸುತ್ತ ನಿಂತಿದ್ದವರನ್ನು ಯಾರೂ ಏನನ್ನೂ ಕೇಳುವುದಿಲ್ಲ.

ನಾನು ಓದಿದ ಮಾಧ್ಯಮಿಕ ಶಾಲೆಯಲ್ಲಿ ಮಾತು ತೊದಲುವ ಹುಡುಗನೊಬ್ಬನಿದ್ದ. ಹಾಜರಿ ಕೂಗಿದಾಗ ‘ಹಾಜರ್’ ಎನ್ನುವುದಕ್ಕೂ ಅವನು ತಿಣುಕಬೇಕಾಗಿತ್ತು. ಮಧ್ಯಾಹ್ನ ಬುತ್ತಿ ತೊಳೆಯಲು ನಲ್ಲಿಯ ಹತ್ತಿರ ಹೋದಾಗಲೆಲ್ಲ ಮೂವರು ಹುಡುಗರು ಅವನನ್ನು ಅಡ್ಡಗಟ್ಟಿ, ಅವನಂತೆಯೇ ತೊದಲಿ, ಅವನ ಬಾಯಿಂದ ಅದೇ ಮಾತನ್ನು ಮತ್ತೆ ಮತ್ತೆ ಹೇಳಿಸಿ ಗೋಳು ಹೊಯ್ದುಕೊಳ್ಳುತ್ತಿದ್ದರು. ನಾನು ಆ ಮೂವರಲ್ಲಿ ಒಬ್ಬನಲ್ಲ. ಕೈಯಲ್ಲಿ ಬುತ್ತಿಯ ಮುಚ್ಚಳ ಹಿಡಿದು ನಾಲ್ಕು ಮಾರು ದೂರದಲ್ಲಿ ನಿಂತು ನೋಡಿದ ಇಪ್ಪತ್ತು ಮಂದಿಯಲ್ಲಿ ಒಬ್ಬ. ಮರುವರ್ಷ ಆ ಹುಡುಗ ಶಾಲೆಗೆ ಬರಲಿಲ್ಲ. ಅವನ ನೆನಪಾದಾಗಲೆಲ್ಲ ‘ಅವನಿಗೆ ನಾನೇನೂ ಮಾಡಲಿಲ್ಲ’ ಎಂದು ಬಹಳ ಕಾಲ ಸಮಾಧಾನ ಹೇಳಿಕೊಂಡಿದ್ದೇನೆ.

ಶಾಲೆಗಳಲ್ಲಿ ಮಕ್ಕಳು ಮಕ್ಕಳಿಗೆ ಕೊಡುವ ಹಿಂಸೆಯನ್ನು ತಡೆಯಬೇಕೆಂಬ ವ್ಯವಸ್ಥಿತವಾದ ಪ್ರಯತ್ನಗಳಿಗೆ ಈಗ ಅರ್ಧ ಶತಮಾನದಷ್ಟು ಇತಿಹಾಸವಿದೆ. ಸ್ವೀಡನ್ನು, ನಾರ್ವೆ, ಫಿನ್‌ಲೆಂಡುಗಳಲ್ಲಿ ಮೊದಲಾಗಿ, ಅಮೆರಿಕವನ್ನು ಸುತ್ತಿ, ಈಚೆಗೆ ನಮ್ಮ ದೇಶದ ಬಿಹಾರದವರೆಗೆ ಬಂದ ಇತಿಹಾಸ ಅದು. ಹಲವು ದೇಶಗಳ, ಹಲವು ವಿದ್ವಾಂಸರ ಕೆಲಸ ಅದರಲ್ಲಿ ಸೇರಿದ್ದರೂ ಅದು ನಡೆದ ದಾರಿ ಒಂದೇ: ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಮಾತ್ರ ನೋಡುತ್ತಿದ್ದ ಹಿರಿಯರ ಕಣ್ಣು ಮೆಲ್ಲಮೆಲ್ಲನೆ ಸುತ್ತ ನಿಂತವರ ಕಡೆಗೆ ಹೊರಳಿತು. ಆ ದಾರಿಯನ್ನು ಇಲ್ಲಿ ಸ್ಥೂಲವಾಗಿ ಗುರುತಿಸಬಹುದು.

ಹಿಂದೆ ಈ ವಿಷಯವನ್ನು ಯಾರೂ ಒಂದು ಸಮಸ್ಯೆಯೆಂದೇ ಎಣಿಸಿರಲಿಲ್ಲ. ಇಂಗ್ಲೆಂಡಿನ ಥಾಮಸ್ ಹ್ಯೂಸ್ ೧೮೫೭ರಲ್ಲಿ ಪ್ರಕಟಿಸಿದ ‘ಟಾಮ್ ಬ್ರೌನನ ಶಾಲೆಯ ದಿನಗಳು’ ಎಂಬ ಕಾದಂಬರಿಯನ್ನು ನಮ್ಮಲ್ಲಿಯೂ ಹಲವರು ಓದಿರಬಹುದು. ರಗ್ಬಿ ಎಂಬ ಪ್ರಸಿದ್ಧ ಶಾಲೆಯ ಕಥೆ ಅದು. ಫ್ಲಾಷ್‌ಮನ್ ಎಂಬ ದೊಡ್ಡ ಹುಡುಗ ಚಿಕ್ಕವನಾದ ಟಾಮನನ್ನು ಉರಿಯುವ ಒಲೆಯ ಮುಂದೆ ಹಿಡಿದು ಸುಡಿಸುವ ಸನ್ನಿವೇಶ ಅದರಲ್ಲಿದೆ. ಕಥೆಯಲ್ಲಿ ಇದಕ್ಕೆ ದೊರೆಯುವ ಪರಿಹಾರವೇನು? ಟಾಮನೂ ಅವನ ಗೆಳೆಯನೂ ಧೈರ್ಯ ತಂದುಕೊಂಡು ಫ್ಲಾಷ್‌ಮನ್ನನೊಡನೆ ಗುದ್ದಾಡಿ ಅವನನ್ನು ಸೋಲಿಸುತ್ತಾರೆ. ಪೀಡೆಗೊಳಗಾದವನು ತಾನೇ ಗಟ್ಟಿಯಾಗಬೇಕು, ಶಾಲೆಯೆಂದರೆ ಮನುಷ್ಯನನ್ನು ಹದಗೊಳಿಸುವ ಕುಲುಮೆ ಎಂಬುದು ಆ ಕಾಲದ ನಂಬಿಕೆ. ನಮ್ಮ ಊರುಗಳಲ್ಲಿ ‘ಹುಡುಗರೆಂದ ಮೇಲೆ ಇವೆಲ್ಲ ಇದ್ದದ್ದೇ’ ಎಂದು ಹಿರಿಯರು ಹೇಳುವುದೂ ಅದೇ ಭಾವದಿಂದ. ಅಳುತ್ತ ಬಂದ ಮಗುವಿಗೆ ‘ನಿನಗೇನು ಕೈಯಿರಲಿಲ್ಲವೇ?’ ಎಂಬ ಪ್ರಶ್ನೆ ಕಾದಿರುತ್ತದೆ.

ಈ ನಂಬಿಕೆಯನ್ನು ಮೊದಲು ಬಲವಾಗಿ ಅಲುಗಾಡಿಸಿದವನು ಉಪಾಧ್ಯಾಯನಲ್ಲ, ವೈದ್ಯ. ಪೀಟರ್ ಪಾಲ್ ಹೈನೆಮನ್ ಎಂಬಾತ ಬಾಲ್ಯದಲ್ಲಿ ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡು ಸ್ವೀಡನ್ನಿಗೆ ಬಂದವನು. ಗುಂಪೊಂದು ಒಬ್ಬನನ್ನು ಆರಿಸಿ ಹೊರಗಿಟ್ಟರೆ ಏನಾಗುತ್ತದೆಂಬುದು ಅವನಿಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ. ಮುಂದೆ ತನ್ನ ದತ್ತುಮಗನನ್ನು ಮೈಬಣ್ಣದ ಕಾರಣಕ್ಕಾಗಿ ಬೇರೆ ಮಕ್ಕಳು ಕಾಡುವುದನ್ನು ಕಂಡು ಆತ ೧೯೬೯ರಲ್ಲಿ ಒಂದು ಲೇಖನ ಬರೆದ. ೧೯೭೨ರಲ್ಲಿ ಅದನ್ನೇ ಬೆಳೆಸಿ ಪುಸ್ತಕವಾಗಿಸಿದ. ತಾನು ಕಂಡದ್ದಕ್ಕೆ ಅವನು ‘ಮಾಬ್ನಿಂಗ್’ ಎಂಬ ಹೆಸರಿಟ್ಟ. ಪ್ರಾಣಿಗಳ ನಡತೆಯನ್ನು ಅಭ್ಯಾಸ ಮಾಡಿದ ಕಾನ್ರಾಡ್ ಲೊರೆಂಟ್ಸನ ಬರಹದಿಂದ ತೆಗೆದುಕೊಂಡ ಮಾತು ಅದು. ಹಗಲು ಹೊತ್ತಿನಲ್ಲಿ ಗೂಬೆಯೊಂದು ಹೊರಬಿದ್ದರೆ ಕಾಗೆಗಳೆಲ್ಲ ಕೂಡಿ ಕಿರುಚುತ್ತ ಕುಕ್ಕಿ ಅಟ್ಟುವುದನ್ನು ನಾವು ನೋಡಿದ್ದೇವೆ. ಮಕ್ಕಳ ಗುಂಪು ತಮಗಿಂತ ಬೇರೆಯಾಗಿ ಕಾಣುವ ಒಬ್ಬನ ಮೇಲೆ ಎರಗುವುದೂ ಅಂಥದೇ ಎಂದು ಹೈನೆಮನ್ ವಾದಿಸಿದ. ಒಂದು ಹೆಸರು ಹುಟ್ಟಿತು. ಹೆಸರು ಹುಟ್ಟಿದ್ದರಿಂದ ಜನ ಅದರ ವಿಷಯ ಮಾತನಾಡತೊಡಗಿದರು. ಸ್ವೀಡನ್ನಿನ ಪತ್ರಿಕೆಗಳಲ್ಲಿ ತಾಯಿತಂದೆಗಳು, ಉಪಾಧ್ಯಾಯರು, ಒಂದು ಕಾಲಕ್ಕೆ ಕಾಟಕ್ಕೆ ಸಿಕ್ಕಿದ್ದವರು ಎಲ್ಲರೂ ಚರ್ಚೆಗಿಳಿದರು.

ಆದರೆ ಹೆಸರಿಟ್ಟ ಮಾತ್ರಕ್ಕೆ ತಿಳಿವಳಿಕೆ ಬಂದಂತಾಗುವುದಿಲ್ಲ. ಇದು ನಿಜವಾಗಿ ಎಷ್ಟು ನಡೆಯುತ್ತದೆ, ಯಾರು ಮಾಡುತ್ತಾರೆ, ಯಾರಿಗೆ ಮಾಡುತ್ತಾರೆ ಎಂದು ಎಣಿಸಿ ನೋಡಬೇಕೆಂದು ಹೊರಟವನು ಡಾನ್ ಓಲ್ವೇಯಸ್. ಸ್ವೀಡನ್ನಿನಲ್ಲಿ ೧೯೩೧ರಲ್ಲಿ ಹುಟ್ಟಿ, ನಾರ್ವೆಯ ಬರ್ಗನ್ ನಗರದಲ್ಲಿ ನೆಲೆಸಿ, ೨೦೨೦ರಲ್ಲಿ ತೀರಿಕೊಂಡ ಈ ಮನಶ್ಶಾಸ್ತ್ರಜ್ಞ ತನ್ನ ಜೀವಮಾನವನ್ನು ಈ ಒಂದು ವಿಷಯಕ್ಕೆ ಮೀಸಲಿಟ್ಟನೆನ್ನಬಹುದು. ಸ್ಟಾಕ್‌ಹೋಮಿನ ಶಾಲಾ ಹುಡುಗರನ್ನು ಕುರಿತ ಅವನ ಮೊದಲ ಪುಸ್ತಕ ೧೯೭೩ರಲ್ಲಿ ಬಂತು. ಅದರಲ್ಲಿ ಅವನು ಹೈನೆಮನ್ನನ ಚಿತ್ರವನ್ನು ಒಪ್ಪಲಿಲ್ಲ. ಇದು ಗುಂಪಿನ ಕ್ಷಣಿಕವಾದ ರೊಚ್ಚಲ್ಲ. ಇಬ್ಬರು ಮೂವರು ಸೇರಿ, ಅವರಲ್ಲೊಬ್ಬ ಮುಂದಾಳಾಗಿ, ಒಬ್ಬನನ್ನೇ ತಿಂಗಳಾನುಗಟ್ಟಲೆ ಕಾಡುವ ಕ್ರಮ ಎಂದು ಅವನು ತೋರಿಸಿದ. ಪೀಡೆಗೊಳಗಾದವರು ದಪ್ಪಗಿರುವವರು, ಕನ್ನಡಕದವರು, ಕೆಂಪು ಕೂದಲಿನವರು ಎಂಬ ಸಾಮಾನ್ಯ ನಂಬಿಕೆಯನ್ನೂ ಅವನ ಲೆಕ್ಕ ಸುಳ್ಳು ಮಾಡಿತು. ಅಂಥ ಗುರುತುಗಳು ಉಳಿದ ಹುಡುಗರಲ್ಲಿಯೂ ಅಷ್ಟೇ ಇದ್ದವು. ಮೊದಲು ಒಬ್ಬನನ್ನು ಆರಿಸಿಕೊಳ್ಳುತ್ತಾರೆ, ಆಮೇಲೆ ಅವನಲ್ಲಿ ಒಂದು ಊನವನ್ನು ಹುಡುಕುತ್ತಾರೆ ಎನ್ನುವಂತಿತ್ತು ಸಂಗತಿ.

ಓಲ್ವೇಯಸನ ಮಾತಿಗೆ ಸರಕಾರ ಕಿವಿಗೊಡಬೇಕಾದರೆ ಒಂದು ದುರಂತವೇ ನಡೆಯಬೇಕಾಯಿತು. ೧೯೮೨ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ೧೦ರಿಂದ ೧೪ ವರ್ಷದೊಳಗಿನ ಮೂವರು ಹುಡುಗರು ತಮ್ಮ ಜೀವ ತಾವೇ ಕಳೆದುಕೊಂಡರೆಂದೂ, ಒಡನಾಡಿಗಳ ಕಾಟವೇ ಬಹುಮಟ್ಟಿಗೆ ಅದಕ್ಕೆ ಕಾರಣವೆಂದೂ ಪತ್ರಿಕೆಗಳು ವರದಿ ಮಾಡಿದುವು. ಆ ಪುಟ್ಟ ದೇಶ ತತ್ತರಿಸಿತು. ಮರುವರ್ಷ, ೧೯೮೩ರ ಶರತ್ಕಾಲದಲ್ಲಿ, ವಿದ್ಯಾಶಾಖೆ ಒಂದರಿಂದ ಒಂಬತ್ತನೆಯ ತರಗತಿಯವರೆಗಿನ ಎಲ್ಲ ಶಾಲೆಗಳಲ್ಲಿಯೂ ಚಳವಳಿಯೊಂದನ್ನು ಆರಂಭಿಸಿತು. ಹೆಸರು ಬರೆಯದೆ ತುಂಬಬೇಕಾದ ಪ್ರಶ್ನಪತ್ರಿಕೆಯೊಂದನ್ನು ಮಕ್ಕಳ ಕೈಗೆ ಕೊಟ್ಟರು. ಲಕ್ಷಕ್ಕೂ ಮೀರಿದ ಮಕ್ಕಳ ಉತ್ತರಗಳನ್ನು ಕೂಡಿಸಿ ನೋಡಿದಾಗ, ನೂರಕ್ಕೆ ಸುಮಾರು ೧೫ ಮಕ್ಕಳು ಕಾಡುವವರಾಗಿಯೋ ಕಾಡಿಸಿಕೊಳ್ಳುವವರಾಗಿಯೋ ಇದರಲ್ಲಿ ಸಿಕ್ಕಿದ್ದಾರೆಂದು ತಿಳಿದುಬಂತು. ಅಂದರೆ ಏಳು ಮಕ್ಕಳಲ್ಲಿ ಒಂದು. ಪ್ರತಿ ತರಗತಿಯಲ್ಲಿಯೂ ಕೆಲವು ಮಕ್ಕಳಿಗೆ ಶಾಲೆಯ ಗಂಟೆಯೆಂದರೆ ಭಯ ಎಂಬ ಸಂಗತಿ ಉಪಾಧ್ಯಾಯರಿಗೆ ಅಂದಿನವರೆಗೂ ತಿಳಿದಿರಲಿಲ್ಲ.

ಓಲ್ವೇಯಸ್ ರೂಪಿಸಿದ ಕಾರ್ಯಕ್ರಮದಲ್ಲಿ ಅದ್ಭುತವಾದದ್ದೇನೂ ಇರಲಿಲ್ಲ. ಮೊದಲು ಪ್ರಶ್ನಪತ್ರಿಕೆಯಿಂದ ತಮ್ಮ ಶಾಲೆಯ ನಿಜವನ್ನು ತಿಳಿದುಕೊಳ್ಳಬೇಕು. ಒಂದು ದಿನ ಪೂರ್ತಿ ಉಪಾಧ್ಯಾಯರು, ಮಕ್ಕಳ ಮತ್ತು ಪೋಷಕರ ಪ್ರತಿನಿಧಿಗಳು ಸೇರಿ ಅದರ ಮೇಲೆ ಮಾತನಾಡಬೇಕು. ಬಿಡುವಿನ ವೇಳೆಯಲ್ಲಿ ಅಂಗಳದಲ್ಲಿ ಸಾಕಷ್ಟು ಮಂದಿ ಉಪಾಧ್ಯಾಯರು ಇರಬೇಕು; ಹೆಚ್ಚು ಮೇಷ್ಟರುಗಳು ಅಂಗಳದಲ್ಲಿದ್ದ ಶಾಲೆಗಳಲ್ಲಿ ಕಾಟ ಕಡಿಮೆಯಿತ್ತೆಂದು ಲೆಕ್ಕವೇ ಹೇಳಿತ್ತು. ಪ್ರತಿ ತರಗತಿಯೂ ತನ್ನ ನಿಯಮಗಳನ್ನು ಗೋಡೆಗೆ ಹಚ್ಚಬೇಕು: ಯಾರನ್ನೂ ಕಾಡಬಾರದು, ಕಾಟಕ್ಕೆ ಸಿಕ್ಕವರಿಗೆ ನೆರವಾಗಬೇಕು, ಒಂಟಿಯಾಗಿ ಉಳಿಯುವವರನ್ನು ತಮ್ಮೊಡನೆ ಸೇರಿಸಿಕೊಳ್ಳಬೇಕು. ವಾರಕ್ಕೊಮ್ಮೆ ತರಗತಿಯ ಸಭೆ ನಡೆಯಬೇಕು. ಕಾಡುವವರನ್ನು ಕರೆಸಿ ಗಟ್ಟಿಯಾಗಿ, ಆದರೆ ಹಗೆಯಿಲ್ಲದೆ, ಮಾತನಾಡಬೇಕು. ಅವರ ಮನೆಯವರನ್ನೂ ಕಾಣಬೇಕು. ಈ ನಿಯಮಗಳಲ್ಲಿ ಒಂದು ಮಾತ್ರ ಕಾಡುವವನಿಗೆ ಹೇಳಿದ್ದು, ಉಳಿದೆರಡೂ ಸುತ್ತ ನಿಂತವರಿಗೆ ಹೇಳಿದ್ದು ಎಂಬುದನ್ನು ಗಮನಿಸಬೇಕು.

ಬರ್ಗನ್ನಿನ ೪೨ ಶಾಲೆಗಳಲ್ಲಿ ೨,೫೦೦ ಮಕ್ಕಳನ್ನು ಎರಡೂವರೆ ವರ್ಷ ಅನುಸರಿಸಿ ನೋಡಿದಾಗ ಕಾಟದ ಪ್ರಮಾಣ ಅರ್ಧಕ್ಕೆ ಇಳಿದಿತ್ತು. ಕಳವು, ಶಾಲೆಯ ಸಾಮಾನು ಒಡೆಯುವುದು, ಶಾಲೆ ತಪ್ಪಿಸುವುದು ಇವೂ ಕಡಿಮೆಯಾಗಿದ್ದುವು. ಈ ಸುದ್ದಿ ಜಗತ್ತಿನಲ್ಲೆಲ್ಲ ಹರಡಿತು. ಆದರೆ ಅದೇ ನಾರ್ವೆಯ ರೋಗಲಾಂಡ್ ಪ್ರಾಂತ್ಯದ ಕಥೆಯನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಅಲ್ಲಿಯ ಶಾಲೆಗಳಿಗೂ ಅವೇ ಪುಸ್ತಿಕೆಗಳು ಹೋಗಿದ್ದುವು. ೧೯೮೬ರಲ್ಲಿ ಎರ್ಲಿಂಗ್ ರೋಲಂಡ್ ಎಂಬ ಸಂಶೋಧಕ ಅಲ್ಲಿ ಲೆಕ್ಕ ಹಾಕಿದಾಗ ಹೇಳಿಕೊಳ್ಳುವಂಥ ಇಳಿತವೇನೂ ಕಾಣಲಿಲ್ಲ. ಹುಡುಗರಲ್ಲಿ ಕೊಂಚ ಏರಿಕೆಯೇ ಕಂಡಿತು. ಎರಡೂ ಕಡೆಯ ಅಂತರಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಸರಳವಾದುದು. ಬರ್ಗನ್ನಿನಲ್ಲಿ ಸಂಶೋಧಕರು ಶಾಲೆಗಳೊಡನೆ ನಿಂತು ಕೆಲಸ ಮಾಡಿದರು. ರೋಗಲಾಂಡಿಗೆ ಕಟ್ಟುಗಳನ್ನು ಅಂಚೆಯಲ್ಲಿ ಕಳಿಸಿದಂತಾಗಿತ್ತು. ಮನಸ್ಸಿಟ್ಟು ನಡೆಸಿದ ಶಾಲೆಗಳಲ್ಲಿ ಫಲ ಸಿಕ್ಕಿತು, ಬೀರುವಿನಲ್ಲಿಟ್ಟ ಶಾಲೆಗಳಲ್ಲಿ ಸಿಕ್ಕಲಿಲ್ಲ.

ಇಲ್ಲಿ ಭಾರತದ ದ್ಯೂತಸಭೆ ನೆನಪಿಗೆ ಬರುತ್ತದೆ. ಅಲ್ಲಿ ಅನ್ಯಾಯ ಮಾಡಿದವರು ನಾಲ್ವರು. ಅದನ್ನು ಅನುಭವಿಸಿದವಳು ಒಬ್ಬಳು. ಕುಳಿತು ನೋಡಿದವರು ಸಭೆ ತುಂಬ. ಭೀಷ್ಮ ದ್ರೋಣರಂಥ ಹಿರಿಯರು ತಲೆ ತಗ್ಗಿಸಿದ್ದರು. ಆ ಸಭೆಯಲ್ಲಿ ಎದ್ದು ‘ಇದು ಧರ್ಮವಲ್ಲ’ ಎಂದವನು ಕೌರವರಲ್ಲಿಯೇ ಒಬ್ಬನಾದ ವಿಕರ್ಣ, ಚಿಕ್ಕವಯಸ್ಸಿನವನು. ಕರ್ಣ ಅವನನ್ನು ಗದರಿಸಿ ಕೂರಿಸಿದ. ವಿಕರ್ಣನ ಜೊತೆಗೆ ಇನ್ನು ನಾಲ್ಕು ಮಂದಿ ಎದ್ದಿದ್ದರೆ ಕಥೆ ಯಾವ ದಾರಿ ಹಿಡಿಯುತ್ತಿತ್ತೋ! ಫಿನ್‌ಲೆಂಡಿನ ತುರ್ಕು ವಿಶ್ವವಿದ್ಯಾನಿಲಯದಲ್ಲಿ ಕ್ರಿಸ್ಟೀನಾ ಸಾಲ್ಮಿವಲ್ಲಿ ಎಂಬ ವಿದುಷಿ ಶಾಲೆಯ ತರಗತಿಗಳನ್ನು ನೋಡಿದ್ದು ಬಹುಮಟ್ಟಿಗೆ ಈ ದೃಷ್ಟಿಯಿಂದಲೇ ಎನ್ನಬಹುದು.

ಆಕೆಯೂ ಆಕೆಯ ಸಹೋದ್ಯೋಗಿಗಳೂ ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ೧೨-೧೩ ವಯಸ್ಸಿನ ೫೭೩ ಮಕ್ಕಳನ್ನು, ‘ನಿಮ್ಮ ತರಗತಿಯಲ್ಲಿ ಯಾರನ್ನಾದರೂ ಕಾಡುವಾಗ ಉಳಿದ ಒಬ್ಬೊಬ್ಬರೂ ಏನು ಮಾಡುತ್ತಾರೆ?’ ಎಂದು ಕೇಳಿದರು. ಬಂದ ಉತ್ತರಗಳು ವಿಚಾರಕ್ಕೆ ಹಚ್ಚುವಂಥವು. ಕಾಟವನ್ನು ತಾವೇ ಮೊದಲುಮಾಡುವವರು ನೂರಕ್ಕೆ ೮. ಅವರಿಗೆ ಕೈ ಸೇರಿಸುವವರು ಸುಮಾರು ೭. ನಕ್ಕು, ಕೂಗಿ, ಹುರಿದುಂಬಿಸುವವರು ಸುಮಾರು ೨೦. ಕಾಡಿಸಿಕೊಂಡವರ ಪಕ್ಷ ವಹಿಸುವವರು ೧೭. ಎಲ್ಲದರಿಂದ ದೂರ ಸರಿದು ನಿಲ್ಲುವವರು ಎಲ್ಲರಿಗಿಂತ ಹೆಚ್ಚು, ಸುಮಾರು ೨೪. ಹೀಗೆ ತರಗತಿಯಲ್ಲಿ ಹೆಚ್ಚು ಕಡಿಮೆ ಪ್ರತಿಯೊಬ್ಬರಿಗೂ ಈ ನಾಟಕದಲ್ಲಿ ಒಂದು ಪಾತ್ರವಿತ್ತು. ಹೈನೆಮನ್ ಗುಂಪನ್ನು ಕಂಡಿದ್ದ. ಓಲ್ವೇಯಸ್ ಗುಂಪಿನೊಳಗಿನ ಮುಂದಾಳನ್ನು ಕಂಡ. ಸಾಲ್ಮಿವಲ್ಲಿ ಆ ಮುಂದಾಳಿಗೆ ಗುಂಪು ಏಕೆ ಬೇಕೆಂಬುದನ್ನು ತೋರಿಸಿಕೊಟ್ಟಳು. ನಗುವವರಿಲ್ಲದಿದ್ದರೆ ಅಣಕಿಸುವವನಿಗೆ ಅಣಕದಲ್ಲಿ ರುಚಿಯಿಲ್ಲ.

ಇದೇ ಸಮಯಕ್ಕೆ ಕೆನಡದ ಟೊರಾಂಟೋದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಮಕ್ಕಳ ಮೈಮೇಲೆ ಪುಟ್ಟ ಮೈಕುಗಳನ್ನು ಸಿಕ್ಕಿಸಿ, ದೂರದಿಂದ ಕ್ಯಾಮೆರಾ ಹಿಡಿದು, ಶಾಲೆಯ ಅಂಗಳದಲ್ಲಿ ಆಗುವುದನ್ನು ಆದಂತೆಯೇ ದಾಖಲು ಮಾಡಿಕೊಂಡರು. ೨೦೦೧ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೀಗಿದೆ: ನೂರು ಸಂದರ್ಭಗಳಲ್ಲಿ ೮೮ರಲ್ಲಿ ಬೇರೆ ಮಕ್ಕಳು ಸುತ್ತ ಇದ್ದರು. ಅವರು ನಡುವೆ ಬಂದದ್ದು ೧೯ರಲ್ಲಿ ಮಾತ್ರ. ಆದರೆ ಹಾಗೆ ನಡುವೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಲ, ಹತ್ತು ಸೆಕೆಂಡುಗಳೊಳಗೆ ಕಾಟ ನಿಂತುಹೋಯಿತು. ಹತ್ತು ಸೆಕೆಂಡೆಂದರೆ ‘ಬಿಡ್ರೋ ಅವನನ್ನ’ ಎಂದು ಹೇಳಿ, ಅವನ ಹೆಗಲ ಮೇಲೆ ಕೈಹಾಕಿ ಕರೆದುಕೊಂಡು ಹೋಗುವಷ್ಟು ಹೊತ್ತು. ಈ ಅಂಕಿಯನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಶಾಲೆಯ ನಲ್ಲಿಕಟ್ಟೆ ನೆನಪಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಫಿನ್‌ಲೆಂಡಿನ ಸರಕಾರ ೨೦೦೬ರಲ್ಲಿ ತುರ್ಕು ವಿಶ್ವವಿದ್ಯಾನಿಲಯಕ್ಕೆ ಹೊಸ ಕಾರ್ಯಕ್ರಮವೊಂದನ್ನು ಸಿದ್ಧಪಡಿಸಲು ಕೇಳಿಕೊಂಡಿತು. ಅದರ ಹೆಸರು ‘ಕಿವ’; ಅವರ ಭಾಷೆಯಲ್ಲಿ ಆ ಮಾತಿಗೆ ಒಳ್ಳೆಯದು, ಹಿತವಾದದ್ದು ಎಂಬ ಅರ್ಥವಿದೆ. ಇದರಲ್ಲಿ ಪಾಠದ ಹೊತ್ತಿನಲ್ಲಿ ಮಕ್ಕಳು ಸುತ್ತ ನಿಂತವರ ಪಾತ್ರವನ್ನು ಆಡಿ ನೋಡುತ್ತಾರೆ, ಗುಂಪಿನ ಒತ್ತಡ ಹೇಗೆ ಕೆಲಸ ಮಾಡುತ್ತದೆಂದು ಚರ್ಚಿಸುತ್ತಾರೆ. ಬಿಡುವಿನಲ್ಲಿ ಅಂಗಳ ನೋಡಿಕೊಳ್ಳುವ ಉಪಾಧ್ಯಾಯರು ದೂರದಿಂದ ಕಾಣುವ ಬಣ್ಣದ ಮೇಲಂಗಿ ತೊಡುತ್ತಾರೆ. ಕಾಟದ ಪ್ರಸಂಗ ನಡೆದಾಗ ಹಿರಿಯರ ಒಂದು ಪುಟ್ಟ ತಂಡ ಎರಡು ಕಡೆಯವರನ್ನೂ ಬೇರೆ ಬೇರೆಯಾಗಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತರಗತಿಯಲ್ಲಿ ಎಲ್ಲರೂ ಮೆಚ್ಚುವ ಎರಡು ಮೂರು ಮಕ್ಕಳನ್ನು ಉಪಾಧ್ಯಾಯರು ಗುಟ್ಟಾಗಿ ಕರೆದು, ‘ನೀವು ಅವನ ಜೊತೆಗೆ ಇರುತ್ತೀರಾ?’ ಎಂದು ಕೇಳುತ್ತಾರೆ. ವಿಕರ್ಣನಿಗೆ ಜೊತೆ ಒದಗಿಸುವ ಕೆಲಸ ಇದು.

೭೮ ಶಾಲೆಗಳಲ್ಲಿ ಪರೀಕ್ಷಿಸಿದ ಮೇಲೆ ೨೦೦೯ರಲ್ಲಿ ಈ ಕಾರ್ಯಕ್ರಮವನ್ನು ದೇಶಕ್ಕೆಲ್ಲ ತೆರೆದರು. ಬಹುಪಾಲು ಶಾಲೆಗಳು ಅದನ್ನು ಕೈಗೊಂಡುವು. ಇಡೀ ದೇಶದ ಲೆಕ್ಕದಲ್ಲಿ ಮೊದಲ ವರ್ಷ ಕಾಟಕ್ಕೊಳಗಾದವರ ಸಂಖ್ಯೆ ನೂರಕ್ಕೆ ಸುಮಾರು ೧೫ರಷ್ಟು ಇಳಿಯಿತು. ಬರ್ಗನ್ನಿನ ಅರ್ಧಕ್ಕೆ ಹೋಲಿಸಿದರೆ ಇದು ಚಿಕ್ಕ ಅಂಕಿ. ಆದರೆ ಒಂದು ದೇಶದ ಲೆಕ್ಕದಲ್ಲಿ ಅದೂ ಸಾವಿರಾರು ಮಕ್ಕಳು. ಹದಿಮೂರು ದಾಟಿದ ತರಗತಿಗಳಲ್ಲಿ ಫಲ ಇನ್ನೂ ಕಡಿಮೆ. ಆ ವಯಸ್ಸಿನವರು ಉಪಾಧ್ಯಾಯರ ಮಾತಿಗಿಂತ ಒಡನಾಡಿಗಳ ಹುಬ್ಬಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಇನ್ನೊಂದು ಕಹಿ ಸತ್ಯವನ್ನೂ ಫಿನ್‌ಲೆಂಡಿನವರೇ ಮುಂದೆ ಕಂಡುಕೊಂಡರು. ಕಾಟ ಕಡಿಮೆಯಾದ ತರಗತಿಯಲ್ಲಿ ಆಗಲೂ ಕಾಟಕ್ಕೆ ಸಿಕ್ಕೇ ಇರುವ ಒಬ್ಬ ಹುಡುಗ ಮೊದಲಿಗಿಂತ ಹೆಚ್ಚು ಕುಗ್ಗುತ್ತಾನೆ. ‘ಎಲ್ಲರೂ ಒಳ್ಳೆಯವರೇ, ಕೊರತೆ ನನ್ನಲ್ಲೇ ಇರಬೇಕು’ ಎಂದು ಅವನಿಗೆ ತೋರುತ್ತದೆ. ಆದ್ದರಿಂದ ಅಂಕಿ ಇಳಿಯಿತೆಂದು ಶಾಲೆ ಕೈ ತೊಳೆದುಕೊಳ್ಳುವಂತಿಲ್ಲ.

ಹದಿಹರೆಯದವರ ವಿಷಯದಲ್ಲಿ ಅಮೆರಿಕದ ಅನುಭವ ಬೇರೆ ಬಗೆಯದು. ಅಲ್ಲಿ ಮಕ್ಕಳ ಕೈಗೆ ಬಂದೂಕು ಸಿಕ್ಕುವುದು ಸುಲಭ. ಆದ್ದರಿಂದ ಅಲ್ಲಿಯ ಕಥೆ ಹೆಚ್ಚು ದಾರುಣ. ೧೯೮೯ರಲ್ಲಿ ಉತ್ತರ ಕ್ಯಾರೊಲೈನದ ಷಾರ್ಲಟ್ ನಗರದಲ್ಲಿ ಹೈಸ್ಕೂಲು ವಿದ್ಯಾರ್ಥಿಯೊಬ್ಬ ಒಂದು ಔತಣಕೂಟದಲ್ಲಿ ಜಗಳ ಬಿಡಿಸಲು ಹೋಗಿ ಗುಂಡೇಟಿಗೆ ಸಿಕ್ಕಿ ಸತ್ತ. ಅವನ ಸಹಪಾಠಿಗಳು ಶೋಕದಲ್ಲಿ ಸೇರಿದರು. ಸೇಡಿನ ಮಾತನ್ನು ಬಿಟ್ಟು, ಹಿಂಸೆಯ ವಿರುದ್ಧ ವಿದ್ಯಾರ್ಥಿಗಳ ಸಂಘವೊಂದನ್ನು ಕಟ್ಟಿದರು. ‘ಸೇವ್’ ಎಂಬ ಸಂಕ್ಷಿಪ್ತ ಹೆಸರಿನಿಂದ ಅದು ಮುಂದೆ ಬೇರೆ ಬೇರೆ ರಾಜ್ಯಗಳ ಶಾಲೆಗಳಿಗೆ ಹರಡಿತು. ಸರಕಾರದ ಆಜ್ಞೆಯಿಂದಲ್ಲ, ವಿದ್ವಾಂಸರ ಲೆಕ್ಕದಿಂದಲ್ಲ, ಹುಡುಗ ಹುಡುಗಿಯರ ದುಃಖದಿಂದ ಹುಟ್ಟಿದ ಸಂಘ ಅದು.

ಹತ್ತು ವರ್ಷ ಕಳೆದು, ೧೯೯೯ರ ಏಪ್ರಿಲ್ ೨೦ರಂದು, ಕೊಲರಾಡೋ ರಾಜ್ಯದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ೧೨ ಮಂದಿ ಸಹವಿದ್ಯಾರ್ಥಿಗಳನ್ನೂ ಒಬ್ಬ ಉಪಾಧ್ಯಾಯರನ್ನೂ ಕೊಂದರು. ದೇಶ ಗಾಬರಿಗೊಂಡು ಶಾಲೆಗಳಿಗೆ ಪೋಲೀಸರನ್ನೂ ಲೋಹಶೋಧಕ ಯಂತ್ರಗಳನ್ನೂ ತಂದು ನಿಲ್ಲಿಸಿತು. ಅಧ್ಯಕ್ಷರ ರಕ್ಷಣೆಯ ಹೊಣೆ ಹೊತ್ತ ‘ಸೀಕ್ರೆಟ್ ಸರ್ವಿಸ್’ ಇಲಾಖೆ ವಿದ್ಯಾಶಾಖೆಯೊಡನೆ ಸೇರಿ ೧೯೭೪ರಿಂದ ೨೦೦೦ದವರೆಗೆ ಶಾಲೆಗಳಲ್ಲಿ ನಡೆದ ಇಂಥ ೩೭ ಘಟನೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ ೨೦೦೨ರಲ್ಲಿ ವರದಿ ಕೊಟ್ಟಿತು. ನೂರಕ್ಕೆ ೮೧ ಘಟನೆಗಳಲ್ಲಿ ನಡೆಯಲಿರುವುದು ಮೊದಲೇ ಯಾರಿಗಾದರೂ ಒಬ್ಬರಿಗೆ ತಿಳಿದಿತ್ತು. ಹಾಗೆ ತಿಳಿದಿದ್ದವರು ಬಹುಮಟ್ಟಿಗೆ ಗೆಳೆಯರು, ಸಹಪಾಠಿಗಳು, ಅಣ್ಣತಮ್ಮಂದಿರು. ದೊಡ್ಡವರಿಗೆ ಸುದ್ದಿ ಮುಟ್ಟಿದ್ದು ಮಾತ್ರ ತೀರ ಅಪರೂಪ. ಯಂತ್ರಕ್ಕೆ ಕಾಣದ್ದು ಪಕ್ಕದ ಬೆಂಚಿನವನಿಗೆ ಕಂಡಿತ್ತು. ಆದರೆ ಅವನು ಯಾರಿಗೆ ಹೇಳಬೇಕು? ಹೇಳಿದರೆ ಚಾಡಿಕೋರನೆನಿಸಿಕೊಳ್ಳುವ ಹೆದರಿಕೆ, ಹೇಳದಿದ್ದರೆ ಇದು.

೨೦೧೨ರ ಡಿಸೆಂಬರಿನಲ್ಲಿ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿಹುಕ್ ಪ್ರಾಥಮಿಕ ಶಾಲೆಯಲ್ಲಿ ಹೊರಗಿನಿಂದ ಬಂದ ಯುವಕನೊಬ್ಬ ೨೦ ಎಳೆಯ ಮಕ್ಕಳನ್ನೂ ೬ ಮಂದಿ ಸಿಬ್ಬಂದಿಯನ್ನೂ ಕೊಂದ ಮೇಲೆ, ಮಕ್ಕಳನ್ನು ಕಳೆದುಕೊಂಡ ಮನೆಯವರಲ್ಲಿ ಕೆಲವರು ಕಟ್ಟಿದ ಸಂಸ್ಥೆ ಈ ಗಂಟನ್ನೇ ಬಿಡಿಸಲು ಯತ್ನಿಸುತ್ತದೆ. ಅವರ ಒಂದು ಕಾರ್ಯಕ್ರಮ ಮಕ್ಕಳಿಗೆ ಹೇಳುವುದು ಇಷ್ಟೇ: ಊಟದ ಹೊತ್ತಿನಲ್ಲಿ ಒಬ್ಬನೇ ಕುಳಿತವನನ್ನು ಕಂಡರೆ ಹೋಗಿ ಮಾತನಾಡಿಸು. ಇನ್ನೊಂದು, ಅಪಾಯದ ಸುಳಿವು ಕಂಡಾಗ ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸುವುದನ್ನು ಕಲಿಸುತ್ತದೆ; ಹೆಸರು ಹೇಳದೆ ಸುದ್ದಿ ಮುಟ್ಟಿಸುವ ಏರ್ಪಾಡೂ ಇದೆ. ಷಾರ್ಲಟ್ಟಿನ ವಿದ್ಯಾರ್ಥಿಗಳು ಕಟ್ಟಿದ ಸಂಘವೂ ಮುಂದೆ ಇವರೊಡನೆ ಸೇರಿಕೊಂಡಿತು.

ಮಕ್ಕಳೇ ಮುಂದಾದರೆ ನಿಜಕ್ಕೂ ಫಲವುಂಟೇ ಎಂಬುದಕ್ಕೆ ನ್ಯೂಜೆರ್ಸಿ ರಾಜ್ಯದ ಪ್ರಯೋಗವೊಂದು ಉತ್ತರ ಕೊಡುತ್ತದೆ. ೨೦೧೨-೧೩ನೆಯ ಶಾಲಾವರ್ಷದಲ್ಲಿ ೫೬ ಮಾಧ್ಯಮಿಕ ಶಾಲೆಗಳನ್ನು ತೆಗೆದುಕೊಂಡು, ಅರ್ಧದಷ್ಟರಲ್ಲಿ, ಒಂದೊಂದು ಶಾಲೆಯಿಂದ ಇಪ್ಪತ್ತು ಮೂವತ್ತು ಮಕ್ಕಳನ್ನು ಕರೆದು, ‘ನಿಮ್ಮ ಶಾಲೆಯಲ್ಲಿ ಯಾವ ಬಗೆಯ ಜಗಳಗಳಿವೆ, ಅದಕ್ಕೇನು ಮಾಡುತ್ತೀರಿ?’ ಎಂದು ಕೇಳಿದರು. ಹಿರಿಯರು ಸಂದೇಶ ಬರೆದುಕೊಡಲಿಲ್ಲ. ಮಕ್ಕಳೇ ಭಿತ್ತಿಪತ್ರ ಬರೆದರು. ಜಗಳ ಬಿಡಿಸಿದವರಿಗೆ, ಸ್ನೇಹದಿಂದ ನಡೆದವರಿಗೆ ಕಿತ್ತಳೆ ಬಣ್ಣದ ಕೈಪಟ್ಟಿ ತೊಡಿಸಿದರು. ವರ್ಷದ ಕೊನೆಗೆ ಆ ಶಾಲೆಗಳಲ್ಲಿ ಶಿಸ್ತಿನ ದೂರುಗಳು ಬೇರೆ ಶಾಲೆಗಳಿಗಿಂತ ನೂರಕ್ಕೆ ಸುಮಾರು ೩೦ರಷ್ಟು ಕಡಿಮೆಯಾಗಿದ್ದುವು. ಕರೆದ ಮಕ್ಕಳಲ್ಲಿ ಉಳಿದವರು ಗಮನಿಸುವಂಥವರು ಹೆಚ್ಚಾಗಿದ್ದಷ್ಟೂ ಫಲ ಹೆಚ್ಚು. ಅವರು ಒಳ್ಳೆಯ ಅಂಕ ತೆಗೆಯುವವರೇ ಆಗಬೇಕಾಗಿರಲಿಲ್ಲ. ಉಳಿದವರ ಕಣ್ಣು ಅವರ ಮೇಲಿದ್ದರೆ ಸಾಕಾಗಿತ್ತು.

ಇನ್ನು ನಮ್ಮ ದೇಶದ ಮಾತು. ನಮ್ಮಲ್ಲಿ ಕಾನೂನಿನ ಕಣ್ಣು ಬಿದ್ದದ್ದು ಹೆಚ್ಚಾಗಿ ಕಾಲೇಜು ಮತ್ತು ವಿದ್ಯಾರ್ಥಿನಿಲಯಗಳ ಮೇಲೆ. ೧೯೮೩ರ ಕರ್ನಾಟಕ ಶಿಕ್ಷಣ ಅಧಿನಿಯಮವೇ ರ‍್ಯಾಗಿಂಗ್ ಎಂದರೇನೆಂದು ಹೇಳಿ ಅದಕ್ಕೆ ಶಿಕ್ಷೆ ವಿಧಿಸುತ್ತದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗ ೨೦೦೯ರಲ್ಲಿ ಮಾಡಿದ ನಿಯಮಗಳು ಅದಕ್ಕೆ ಕುಮ್ಮಕ್ಕು ಕೊಡುವುದನ್ನೂ ಅಪರಾಧವೆಂದು ಎಣಿಸುತ್ತವೆ. ಕಾನೂನು ಬೇಕು, ಆದರೆ ಹದಿನೆಂಟಕ್ಕೆ ಕಾಣಿಸಿಕೊಳ್ಳುವ ರೋಗದ ಬೀಜ ಹನ್ನೆರಡು ಹದಿಮೂರಕ್ಕೇ ಬಿದ್ದಿರುತ್ತದೆ.

ಆ ವಯಸ್ಸಿನ ಮಕ್ಕಳ ನಡುವೆ ನಡೆದ ದೊಡ್ಡ ಪ್ರಯೋಗ ಬಿಹಾರದ ನಾಲಂದ ಜಿಲ್ಲೆಯದು. ಅಲ್ಲಿಯ ಎಪ್ಪತ್ತಕ್ಕೂ ಹೆಚ್ಚು ಸರಕಾರಿ ಹೈಸ್ಕೂಲುಗಳಲ್ಲಿ ನಡೆದು, ೨೦೧೮ರಲ್ಲಿ ಪ್ರಕಟವಾದ ‘ಸೆಹರ್’ ಎಂಬ ಕಾರ್ಯಕ್ರಮದಲ್ಲಿ, ಕೆಲವು ಶಾಲೆಗಳಿಗೆ ತರಬೇತಿ ಪಡೆದ ಒಬ್ಬೊಬ್ಬ ‘ಮಿತ್ರ’ನನ್ನು ಕಳಿಸಿದರು. ಅವರು ವೈದ್ಯರಲ್ಲ, ಮನಶ್ಶಾಸ್ತ್ರದ ಪಂಡಿತರೂ ಅಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳೊಡನೆ ಮಾತು, ಗೋಡೆಪತ್ರಿಕೆ, ಹೇಳಿಕೊಳ್ಳಲಾರದ್ದನ್ನು ಬರೆದು ಹಾಕಲು ಒಂದು ಪತ್ರಪೆಟ್ಟಿಗೆ, ವಿದ್ಯಾರ್ಥಿಗಳದೇ ಗುಂಪುಗಳು, ಬೇಕಾದವರಿಗೆ ಏಕಾಂತದಲ್ಲಿ ಸಲಹೆ, ಇವೇ ಅವರ ಸಾಧನಗಳು. ಒಂದು ಶಾಲಾವರ್ಷದೊಳಗೆ ಆ ಶಾಲೆಗಳ ವಾತಾವರಣ ಸುಧಾರಿಸಿತು, ಮಕ್ಕಳ ನಡುವಣ ಕಾಟವೂ ಹಿಂಸೆಯೂ ಇಳಿದುವು. ಅದೇ ಕೆಲಸವನ್ನು ಶಾಲೆಯ ಉಪಾಧ್ಯಾಯರ ಮೇಲೆ ಹೊರಿಸಿದ ಕಡೆ ಅಂಥ ಫಲ ಕಾಣಲಿಲ್ಲ. ಇದು ಉಪಾಧ್ಯಾಯರನ್ನು ಹಳಿಯುವುದಕ್ಕೆ ಸಾಕ್ಷಿಯಲ್ಲ. ಪಾಠ, ಪರೀಕ್ಷೆಗಳ ಭಾರದ ಮೇಲೆ ಇನ್ನೊಂದು ಭಾರ ಅವರಿಗೆ ಹೆಚ್ಚಾಗಿರಬಹುದು. ಅಂಕ ಕೊಡುವ ಕೈಗೆ ಮನಸ್ಸಿನ ನೋವನ್ನು ಒಪ್ಪಿಸಲು ಮಕ್ಕಳು ಹಿಂಜರಿದಿರಬಹುದು. ನಮ್ಮ ಹೈಸ್ಕೂಲುಗಳಲ್ಲಿ ಇಂಥ ಒಬ್ಬ ‘ಮಿತ್ರ’ ಇರುವುದು ಭೋಗದ ಮಾತಲ್ಲವೆಂದು ಇದರಿಂದ ತಿಳಿಯುತ್ತದೆ. ಗೋಡೆಪತ್ರಿಕೆಗೂ ಪತ್ರಪೆಟ್ಟಿಗೆಗೂ ಬೇಕಾದ ಹಣ ಬಡ ಶಾಲೆಯಲ್ಲಿಯೂ ಇರುತ್ತದೆ.

ಇಷ್ಟು ದೇಶಗಳ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ಉಪಾಧ್ಯಾಯರಿಗೂ ಪೋಷಕರಿಗೂ ಎರಡು ಮಾತು ಸ್ಪಷ್ಟವ���ಗುತ್ತದೆ. ಮೊದಲನೆಯದು, ಪುಸ್ತಿಕೆ ಹಂಚಿ ಸುಮ್ಮನಾದರೆ ಏನೂ ಆಗುವುದಿಲ್ಲ. ರೋಗಲಾಂಡ್ ಇದಕ್ಕೆ ಸಾಕ್ಷಿ. ಎರಡನೆಯದು, ಮಗು ಶಾಲೆಯಿಂದ ಬಂದಾಗ ‘ನಿನಗೆ ಯಾರಾದರೂ ಹೊಡೆದರೇ? ನೀನು ಯಾರಿಗಾದರೂ ಹೊಡೆದೆಯಾ?’ ಎಂದು ಕೇಳುವುದು ನಮಗೆ ರೂಢಿಯಾಗಿದೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ರೂಢಿಸಿಕೊಳ್ಳಬೇಕು: ‘ಈ ದಿನ ಯಾರಾದರೂ ಒಬ್ಬರೇ ಕುಳಿತಿದ್ದರೇ? ನೀನು ಆಗ ಏನು ಮಾಡಿದೆ?’

ನಲ್ಲಿಯ ಹತ್ತಿರ ತೊದಲುತ್ತಿದ್ದ ಆ ಹುಡುಗ ಈಗ ಎಲ್ಲಿದ್ದಾನೋ ನನಗೆ ತಿಳಿಯದು. ಕಾಡಿದ ಮೂವರ ಮುಖವನ್ನು ಅವನು ಮರೆತಿರಲಾರ. ಸುತ್ತ ನಿಂತ ಇಪ್ಪತ್ತು ಮುಖಗಳೂ ಅವನಿಗೆ ನೆನಪಿರಬಹುದು. ಕನ್ನಡದಲ್ಲಿ ‘ಅವನಿಗೆ ನಾನೇನೂ ಮಾಡಲಿಲ್ಲ’ ಎಂಬ ಮಾತಿಗೆ ಎರಡು ಅರ್ಥವಿದೆ. ನಾನು ಇಷ್ಟು ವರ್ಷ ಒಂದನ್ನೇ ಹಿಡಿದುಕೊಂಡಿದ್ದೆ.